ಡ್ರೇಕ್ ಮೇ ಯಾಕೆ ಎಸೆಯಲಿಲ್ಲ? ಎದುರಿಗೆ ಆಳು ಇದ್ದನಲ್ಲ!

ಸನ್ನಿವೇಲ್ ಸೀನ:
ಎಲ್ಲರಿಗೂ ನಮಸ್ಕಾರ. ನಾನು ಈ ಅಮೆರಿಕನ್ ಫುಟ್‌ಬಾಲ್ ನೋಡೋಕೆ ಶುರು ಮಾಡಿ ಎರಡೇ ವರ್ಷ. ತಪ್ಪಿದ್ದರೆ ತಿದ್ದಿ, ಬೈಬೇಡಿ.

ಭಾನುವಾರದ (2026 ಫೆಬ್ರವರಿ 8) ಸೂಪರ್ ಬೌಲ್, ಅಂದ್ರೆ ವರ್ಷದ ಫೈನಲ್, ಪೇಟ್ರಿಯಟ್ಸ್ ಮತ್ತು ಸೀಹಾಕ್ಸ್ ಮಧ್ಯೆ. ಆಟ ಇಲ್ಲೇ ಸಾಂಟಾ ಕ್ಲಾರಾದಲ್ಲಿ, ನಮ್ಮ ಮನೆಯ ಪಕ್ಕದಲ್ಲೇ ಅನ್ನಬಹುದು. ಟಿಕೆಟ್ ಬೆಲೆ ನೋಡಿ ಲ್ಯಾಪ್‌ಟಾಪ್ ಮುಚ್ಚಿ, ಗೆಳೆಯನ ಮನೆಯ ಸೋಫಾಕ್ಕೆ ಹೋಗಿ ಕೂತೆ. ಬಿಸಿಬೇಳೆಬಾತ್, ಬೂಂದಿ, ಆಮೇಲೆ ಮೆಣಸಿನಕಾಯಿ ಬಜ್ಜಿ. ಊಟ ಚೆನ್ನಾಗಿತ್ತು. ಆಟ ಮಾತ್ರ ತಲೆ ಕೆಡಿಸಿತು.

ನನ್ನ ಪ್ರಶ್ನೆ ಸೋತ ಪೇಟ್ರಿಯಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯೋನು) ಡ್ರೇಕ್ ಮೇ ಬಗ್ಗೆ. 23 ವರ್ಷದ ಹುಡುಗ. ಹಿಂದಿನ ವರ್ಷ 4-13 (4 ಗೆಲುವು, 13 ಸೋಲು) ಇದ್ದ ತಂಡವನ್ನು ಈ ವರ್ಷ 14-3ಕ್ಕೆ ತಂದ. ಎಂವಿಪಿ, ಅಂದ್ರೆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಕೂದಲೆಳೆಯಲ್ಲಿ ತಪ್ಪಿತು. ಅಂಥವನು ಮೂರು ಕ್ವಾರ್ಟರ್ ಮುಗಿದರೂ ಒಂದು ಪಾಯಿಂಟ್ ತರಲಿಲ್ಲ. ಚೆಂಡು ಕೈಲಿ ಹಿಡ್ಕೊಂಡು ಅಲ್ಲಿ ಇಲ್ಲಿ ನೋಡ್ತಾ ನಿಂತ, ಬಿದ್ದ. ಮತ್ತೆ ಎದ್ದ, ಮತ್ತೆ ಬಿದ್ದ. ಎಸೆಯೋ ಮೊದಲೇ ಕೆಡವೋದಕ್ಕೆ ಸ್ಯಾಕ್ ಅಂತಾರೆ, ಅಂಥದ್ದು ಆರು! ಎಸೆಯೋಕೆ ಏನಪ್ಪಾ ಕಷ್ಟ? ಐದು ಜನ ಓಡ್ತಾ ಇರ್ತಾರೆ, ಒಬ್ಬನಿಗೆ ಎಸೆದರೆ ಆಯ್ತಲ್ವಾ?

ಗೆಳೆಯ ಹೇಳಿದ, "ಎಳೆ ಹುಡುಗ, ದೊಡ್ಡ ವೇದಿಕೆ, ಹೆದರಿದ" ಅಂತ. ನನಗೆ ಒಪ್ಪಿಗೆ ಆಗ್ತಿಲ್ಲ. ತಪ್ಪು ಹುಡುಗನದ್ದಾ, ತಂಡದ್ದಾ?

ಕಾಫಿಪುಡಿ:
ಫುಟ್‌ಬಾಲ್ ಅಂತ ಹೆಸರಿಟ್ಟು ಕೈಯಲ್ಲಿ ಆಡ್ತಾರಲ್ಲ, ಮೊದಲು ಅದನ್ನ ಕೇಳಿ.

ಜರ್ಸಿ ಗೌಡ್ರು:
ಆ ಜೋಕಿಗೆ ಈಗಾಗಲೇ ಪೆನ್ಷನ್ ಬರ್ತಾ ಇದೆ ಕಾಫಿಪುಡಿ ಅವರೇ. ರಿಟೈರ್ ಮಾಡಿಸಿ.

ಸೀನ ಅವರೇ, ನಿಮ್ಮ ಸಮಸ್ಯೆ ಟಿವಿ ಕ್ಯಾಮೆರಾದ್ದು. ಚೆಂಡು ಎಲ್ಲಿದೆಯೋ ಅಷ್ಟೇ ತೋರಿಸ್ತಾರೆ. ಚೆಂಡು ಹಿಡಿಯೋಕೆ ಓಡೋ ರಿಸೀವರ್‌ಗಳು ಹತ್ತು ಗಜ ಓಡಿದ ಕೂಡಲೇ ಚೌಕಟ್ಟಿನಿಂದ ಹೊರಗೆ. ಅಲ್ಲಿ ಒಬ್ಬೊಬ್ಬನಿಗೂ ಒಬ್ಬೊಬ್ಬ ಅಂಟಿಕೊಂಡು ಓಡ್ತಾ ಇರ್ತಾನೆ, ಅದು ನಮಗೆ ಕಾಣೋದೇ ಇಲ್ಲ. 22 ಜನರೂ ಕಾಣೋ ಹಾಗೆ ಮೇಲಿನಿಂದ ತೆಗೆದ ವಿಡಿಯೊ ಒಂದಿರುತ್ತೆ, ಅದನ್ನ ನೋಡಿ. ಆಮೇಲೆ "ಎಸೆದರೆ ಆಯ್ತಲ್ವಾ" ಅನ್ನಲ್ಲ ನೀವು.

ಲೀಗ್‌ನವರೇ ಚಿಪ್ ಹಾಕಿ ಅಳೆಯೋ ಲೆಕ್ಕ ಒಂದಿದೆ. ಚೆಂಡು ಬಂದು ತಲುಪೋ ಹೊತ್ತಿಗೆ ರಿಸೀವರ್‌ಗೂ ಕಾಯೋನಿಗೂ ನಡುವೆ ಒಂದು ಗಜವೋ ಅದಕ್ಕಿಂತ ಕಡಿಮೆಯೋ ಅಂತರ ಇದ್ದರೆ ಅದನ್ನ "ಟೈಟ್ ವಿಂಡೋ", ಅಂದ್ರೆ ಇಕ್ಕಟ್ಟಾದ ಕಿಟಕಿ ಅಂತಾರೆ. ಒಂದು ಗಜ ಅಂದ್ರೆ ನಿಮ್ಮ ಮನೆ ಬಾಗಿಲಿನ ಅಗಲ. ಆ ಬಾಗಿಲೂ ಓಡ್ತಾ ಇರುತ್ತೆ. ನಿಮ್ಮ ಕಡೆ 130 ಕಿಲೋ ತೂಕದವರು ನಾಲ್ಕು ಜನ ಓಡಿ ಬರ್ತಾ ಇರ್ತಾರೆ. ಕೈಲಿ ಇರೋದು ಎರಡೂವರೆ, ಮೂರು ಸೆಕೆಂಡ್. ಈಗ ಎಸೆಯಿರಿ ನೋಡೋಣ.

ಬೆಲ್ವ್ಯೂ ವನಜ:
ನಮ್ಮ ಸೀಹಾಕ್ಸ್ ಗೆದ್ದಿದೆ, ನೀವೆಲ್ಲ ಸೋತವನಿಗೆ ಕಣ್ಣೀರು ಹಾಕ್ತಾ ಇದ್ದೀರಲ್ಲ! 29-13!! 💙💚

ಸನ್ನಿವೇಲ್ ಸೀನ:
ಅಭಿನಂದನೆ ವನಜಕ್ಕ 😀 ಗೌಡ್ರೇ, ಅಂದ್ರೆ ಸೀಹಾಕ್ಸ್‌ನವರು ಒಬ್ಬೊಬ್ಬನಿಗೆ ಒಬ್ಬೊಬ್ಬ ಅಂತ ಕಟ್ಟಿ ಹಾಕಿದರು, ಅಷ್ಟೇನಾ?

ತೀರ್ಥಹಳ್ಳಿ ಭಟ್ಟ:
ಇಲ್ಲ, ಅಲ್ಲೇ ಗೌಡ್ರು ಸ್ವಲ್ಪ ಎಡವಿದ್ದಾರೆ. ಒಬ್ಬೊಬ್ಬನಿಗೆ ಒಬ್ಬೊಬ್ಬ ಅನ್ನೋದು ಮ್ಯಾನ್ ಕವರೇಜ್. ಸೀಹಾಕ್ಸ್ ಕೋಚ್ ಮೈಕ್ ಮ್ಯಾಕ್‌ಡೊನಾಲ್ಡ್ ಜಾಸ್ತಿ ಆಡಿಸೋದು ಝೋನ್. ಪ್ರತಿಯೊಬ್ಬನಿಗೂ ಒಂದು ಜಾಗ. ಆ ಜಾಗಕ್ಕೆ ಯಾರು ಬರ್ತಾರೋ ಅವರು ಅವನ ಪಾಲು. ಎಲ್ಲರ ಕಣ್ಣೂ ಕ್ವಾರ್ಟರ್‌ಬ್ಯಾಕ್ ಮೇಲೆ.

ನಮ್ಮೂರಿನ ಲೆಕ್ಕದಲ್ಲಿ ಹೇಳೋದಾದ್ರೆ, ಮ್ಯಾನ್ ಅಂದ್ರೆ ಮದುವೆ ಮನೆಯಲ್ಲಿ ತುಂಟ ಹುಡುಗನ ಹಿಂದೆ ಒಬ್ಬ ಚಿಕ್ಕಪ್ಪನನ್ನ ಬಿಡೋದು. ಹುಡುಗ ಎಲ್ಲಿಗೆ ಹೋದ್ರೂ ಚಿಕ್ಕಪ್ಪ ಹೋಗ್ತಾನೆ. ಝೋನ್ ಅಂದ್ರೆ ಉಗ್ರಾಣದ ಬಾಗಿಲಿಗೆ ಒಬ್ಬ, ಬಾವಿಕಟ್ಟೆಗೆ ಒಬ್ಬ, ಹೋಳಿಗೆ ಪಾತ್ರೆ ಹತ್ರ ಒಬ್ಬಳು ಅತ್ತೆ. ಹುಡುಗ ಎಲ್ಲಿ ಬೇಕಾದ್ರೂ ಓಡಾಡಲಿ, ಹೋಳಿಗೆ ಮುಟ್ಟೋಕೆ ಆಗಲ್ಲ.

ಝೋನ್‌ನಲ್ಲಿ ಖಾಲಿ ಜಾಗ ಇರುತ್ತೆ. ಆದ್ರೆ ಅದು ತೆರೆಯೋದು ತಡವಾಗಿ. ಅಷ್ಟು ಹೊತ್ತು ಕಾಯೋಕೆ ಮುಂದೆ ನಿಂತು ತಡೆಯೋರು ಗಟ್ಟಿ ಇರಬೇಕು. ಪೇಟ್ರಿಯಟ್ಸ್‌ನ ಎಡ ತುದಿಯಲ್ಲಿ ನಿಂತಿದ್ದವನು ವಿಲ್ ಕ್ಯಾಂಪ್‌ಬೆಲ್, ಇದೇ ವರ್ಷ ಲೀಗ್‌ಗೆ ಬಂದವನು. ಭಾನುವಾರ ಪಾಪ ಅವನಿಗೆ ಉಸಿರಾಡೋಕೂ ಬಿಡಲಿಲ್ಲ. ನಾಲ್ಕೇ ಜನ ನುಗ್ಗಿ ಬಂದು ಕೆಡವಿದರೆ, ಹಿಂದೆ ಏಳು ಜನ ಕಾಯೋಕೆ ಉಳೀತಾರೆ. ಐದು ಜನರನ್ನ ಏಳು ಜನ ಕಾದರೆ ಯಾವ ಕಿಟಕಿ ತೆರೆಯುತ್ತೆ?

ಜರ್ಸಿ ಗೌಡ್ರು:
ಸರಿ ಭಟ್ರೇ, ಒಪ್ಪಿದೆ. ಆದ್ರೆ ಝೋನ್ ಆದ್ರೂ ಹತ್ತಿರ ಬಂದವನನ್ನ ಮ್ಯಾನ್ ಥರಾನೇ ಹಿಡೀತಾರೆ. ಅಲ್ಲದೆ ಅವರು ನಾಲ್ಕೇ ಜನ ಬರ್ತಾರೆ ಅಂತ ನಂಬಿಸಿ, ಡೆವನ್ ವಿದರ್‌ಸ್ಪೂನ್‌ನ ಕಾರ್ನರ್ ಜಾಗದಿಂದ ಸೀದಾ ನುಗ್ಗಿಸಿದ್ದು ನೆನಪಿದೆಯಾ? ರಿಸೀವರ್‌ನ ಕಾಯಬೇಕಾದವನು ಬಂದು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಹೊಡೆದ. ಚೆಂಡು ಗಾಳಿಗೆ ಹಾರಿ ಅವರದೇ ತಂಡದ ನ್ವೋಸು ಕೈಗೆ ಬಿತ್ತು. ಅವನು ಓಡಿಹೋಗಿ ಕೊನೆ ಗೆರೆ ದಾಟಿ ಟಚ್‌ಡೌನ್ ಹೊಡೆದ.

ಅಂಕಿಅಂಶ ಆಚಾರ್:
ಎಲ್ಲರೂ ಹುಡುಗ ಕೆಟ್ಟದಾಗಿ ಆಡಿದ ಅಂತ ಕೂತಿದ್ದೀರಿ. ಎಸೆದು ಗಳಿಸಿದ್ದು 295 ಗಜ, ಎರಡು ಟಚ್‌ಡೌನ್. ಗೆದ್ದ ಸೀಹಾಕ್ಸ್‌ನ ಕ್ವಾರ್ಟರ್‌ಬ್ಯಾಕ್ ಡಾರ್ನಲ್ಡ್ 38ರಲ್ಲಿ 19 ಮಾತ್ರ ಸರಿಯಾಗಿ ಎಸೆದ, 202 ಗಜ, ಒಂದು ಟಚ್‌ಡೌನ್. ಹಾಗಾದ್ರೆ ಕೆಟ್ಟದಾಗಿ ಆಡಿದ್ದು ಯಾರು?

ಬೆಲ್ವ್ಯೂ ವನಜ:
ಆಚಾರ್ರೇ, ಆ ಗಜಗಳೆಲ್ಲ ಬಂದಿದ್ದು ಯಾವಾಗ ಅಂತ ನೋಡಿ. ಬಹುಪಾಲು ನಾಲ್ಕನೇ ಕ್ವಾರ್ಟರ್‌ನಲ್ಲಿ, ನಾವು 19-0 ಮುಂದೆ ಇದ್ದ ಮೇಲೆ. ಪರೀಕ್ಷೆ ಮುಗಿದ ಮೇಲೆ ಉತ್ತರ ಬರೆದ ಹಾಗೆ.

ಅಂಕಿಅಂಶ ಆಚಾರ್:
ಮೇ ತನ್ನ ರಿಸೀವರ್ ಹಾಲಿನ್ಸ್‌ಗೆ ಎಸೆದ ಆ 35 ಗಜದ ಚೆಂಡು ನೋಡಿದ್ರಾ? ಅದು ಪರೀಕ್ಷೆ ಮುಗಿದ ಮೇಲಿನ ಉತ್ತರ ಅಲ್ಲ, ಚಿನ್ನದ ಪದಕ.

ಹುಬ್ಬಳ್ಳಿ ಹುಡುಗ:
ಅಲ್ರೀ, ಒಂದು ಚೆಂಡು ಚೆನ್ನಾಗಿ ಎಸೆದರೆ ಆಯ್ತೇನ್ರೀ? ಎರಡು ಇಂಟರ್‌ಸೆಪ್ಷನ್ (ಎಸೆದದ್ದು ಎದುರಾಳಿ ಕೈಗೆ), ಒಂದು ಫಂಬಲ್ (ಚೆಂಡು ಕೈಜಾರಿದ್ದು). ಆ ಫಂಬಲ್ ಆದ ಮ್ಯಾಲೇನ ಸೀಹಾಕ್ಸ್‌ನ ಮೊದಲ ಟಚ್‌ಡೌನ್ ಬಂತು. ಲೆಕ್ಕ ಮಾಡೋದಾದ್ರೆ ಪೂರ್ತಿ ಮಾಡ್ರಿ.

ಜರ್ಸಿ ಗೌಡ್ರು:
ಆಚಾರ್ರು ಡಾರ್ನಲ್ಡ್ ಹೆಸರು ತೆಗೆದಿದ್ದು ಒಳ್ಳೇದೇ ಆಯ್ತು. ಸೀನ ಅವರೇ, ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಮೇ ಹತ್ರ ಇಲ್ಲ. ಅದು ಎದುರು ಬೆಂಚಿನಲ್ಲಿ ಕೂತಿದ್ದ ಸ್ಯಾಮ್ ಡಾರ್ನಲ್ಡ್ ಹತ್ರ ಇದೆ. ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ನಾನು 2019ರಲ್ಲಿ ಹೊಸದಾಗಿ ಎಡಿಸನ್‌ಗೆ ಬಂದಿದ್ದೆ. ಆಫೀಸಲ್ಲಿ ಒಬ್ಬನ ಹತ್ರ ಹೆಚ್ಚುವರಿ ಟಿಕೆಟ್ ಇತ್ತು, ಮೆಟ್‌ಲೈಫ್ ಸ್ಟೇಡಿಯಂಗೆ ಕರ್ಕೊಂಡು ಹೋದ. ಅಕ್ಟೋಬರ್ 21, ಸೋಮವಾರ ರಾತ್ರಿ. ಡಾರ್ನಲ್ಡ್ ಆಗ ಆಡ್ತಿದ್ದ ಜೆಟ್ಸ್ ಮತ್ತು ಪೇಟ್ರಿಯಟ್ಸ್. ಡಾರ್ನಲ್ಡ್‌ಗೆ ಆಗ 22 ವರ್ಷ. 2018ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸಬರನ್ನ ಸರದಿಯಲ್ಲಿ ಆರಿಸೋದು) ಮೂರನೆಯವನಾಗಿ ಬಂದವನು (ಮೇ ಕೂಡ 2024ರಲ್ಲಿ ಮೂರನೆಯವನೇ, ನೋಡಿ ಕಾಕತಾಳೀಯ). ಸೀಸನ್ ಶುರುವಲ್ಲಿ ಮೊನೊ ಜ್ವರ ಬಂದು ಮೂರು ಆಟ ಕೂರಬೇಕಾಯ್ತು. ವಾಪಸ್ ಬಂದ ಮೊದಲ ಆಟದಲ್ಲೇ ಕೌಬಾಯ್ಸ್‌ನ 24-22ಕ್ಕೆ ಸೋಲಿಸಿದ. 338 ಗಜ, ಅದರಲ್ಲಿ 92 ಗಜದ ಒಂದು ಟಚ್‌ಡೌನ್. ನ್ಯೂಜೆರ್ಸಿ ತುಂಬಾ "ಬಂದ ನಮ್ಮ ರಾಜ" ಅಂತ ಮಾತು.

ಎಂಟು ದಿನ ಆದ ಮೇಲೆ ಇದು. 11 ಪಾಸ್ ಸರಿ, 32ರಲ್ಲಿ. 86 ಗಜ. ನಾಲ್ಕು ಇಂಟರ್‌ಸೆಪ್ಷನ್. ಎಸೆತಕ್ಕೆ ಕೊಡೋ ಅಂಕ, ಅಂದ್ರೆ ರೇಟಿಂಗ್, 3.6. ಮೂರು ದಶಮಾಂಶ ಆರು, ತಪ್ಪಾಗಿ ಟೈಪ್ ಮಾಡಿಲ್ಲ ನಾನು! ಜೆಟ್ಸ್ 33-0 ಸೋತರು.

ಮೇಲಿನ ಸಾಲಲ್ಲಿ ಕೂತಿದ್ದರಿಂದ ಪೂರ್ತಿ ಮೈದಾನ ಕಾಣ್ತಿತ್ತು. ಅವತ್ತು ನನಗೆ ಈ ಆಟ ಅರ್ಥ ಆಯ್ತು. ಪೇಟ್ರಿಯಟ್ಸ್‌ನವರು ಆರೇಳು ಜನರನ್ನ ಗೆರೆಯ ಮೇಲೆ ಸಾಲಾಗಿ ನಿಲ್ಲಿಸೋರು. ಹಿಂದೆ ಕಾವಲಿಗೆ ಯಾರೂ ಇಲ್ಲ. ಜೆಟ್ಸ್‌ನ ಐದು ರಿಸೀವರ್‌ಗಳಿಗೆ ಐದು ಜನ ಎದೆಗೆ ಎದೆ ಕೊಟ್ಟು ನಿಂತಿದ್ದಾರೆ. ಇದಕ್ಕೆ ಕವರ್ ಝೀರೋ ಅಂತಾರೆ. ಲೆಕ್ಕ ನೋಡಿ. ಕಾಯೋಕೆ ಐದು, ಉಳಿದ ಆರು ಜನ ನುಗ್ಗಬಹುದು. ತಡೆಯೋಕೆ ಇರೋದು ಐದು ಜನ. ಅಂದ್ರೆ ಒಬ್ಬ ಯಾವಾಗಲೂ ತಡೆ ಇಲ್ಲದೆ ಬರ್ತಾನೆ. ಯಾರು ಅಂತ ಗೊತ್ತಿಲ್ಲ.

ಮಜಾ ಏನಂದ್ರೆ, ಒಂದೊಂದು ಸಲ ಎಲ್ಲರೂ ನುಗ್ಗೋರು. ಒಂದೊಂದು ಸಲ ನುಗ್ಗೋ ಹಾಗೆ ಮಾಡಿ ಇಬ್ಬರು ಹಿಂದೆ ಸರಿಯೋರು. ಹುಡುಗ ಬರದೇ ಇದ್ದವನಿಗೂ ಹೆದರಿ ಹಿಂದೆ ಹಿಂದೆ ಹೋಗಿ ಎಸೀತಾ ಇದ್ದ. ಕಾಲು ನೆಲದ ಮೇಲೆ ಊರಿರಲೇ ಇಲ್ಲ. ಚೆಂಡು ಗಾಳಿಪಟ ಆಯ್ತು. ಮೊದಲ ಸರದಿಯಲ್ಲೇ ಪೇಟ್ರಿಯಟ್ಸ್‌ನ ಡೆವಿನ್ ಮೆಕಾರ್ಟಿ ಹಿಡಿದ. ಆಮೇಲೆ ಗಿಲ್‌ಮೋರ್ ಒಂದು ಹಿಡಿದ. ಹಾಗೇ ಹೋಯ್ತು.

ಬೆಂಚಿನಲ್ಲಿ ಕೂತು ಡಾರ್ನಲ್ಡ್ ಅಂದ ಮಾತು ಅವನು ಹಾಕಿದ್ದ ಮೈಕ್‌ನಲ್ಲಿ ಸಿಕ್ಕಿ ಟಿವಿಯಲ್ಲಿ ಬಂತು. "ನನಗೆ ದೆವ್ವ ಕಾಣ್ತಾ ಇವೆ" ಅಂತ.

ಕಾಫಿಪುಡಿ:
ಅಯ್ಯೋ ಪಾಪ. ಹೆಲ್ಮೆಟ್ ಮೇಲೆ "ನಾಳೆ ಬಾ" ಅಂತ ಬರೆಸಬೇಕಿತ್ತು.

ಹುಬ್ಬಳ್ಳಿ ಹುಡುಗ:
😂😂 ಕಾಫಿಪುಡಿ ಅವರ ಜೋಕ್ ರಿಟೈರ್ ಮಾಡಿಸಬ್ಯಾಡ್ರಿ ಗೌಡ್ರ, ಇದು ಪ್ರಮೋಷನ್‌ಗೆ ಅರ್ಹ.

ತೀರ್ಥಹಳ್ಳಿ ಭಟ್ಟ:
ಆ ಮಾತನ್ನ ಟಿವಿಯಲ್ಲಿ ಹಾಕಿದ್ದು ಅನ್ಯಾಯ ಅಂತ ಜೆಟ್ಸ್‌ನವರು ಕಿಡಿಕಿಡಿ ಆಗಿದ್ದರು. ನನಗೂ ಹಾಗೇ ಅನ್ಸುತ್ತೆ. ಆಡೋವಾಗ ಮನುಷ್ಯ ಏನೇನೋ ಅಂತಾನೆ. ಆ ಒಂದು ಸಾಲು ಆರು ವರ್ಷ ಆ ಹುಡುಗನ ಬೆನ್ನಿಗೆ ಅಂಟಿಕೊಂಡಿತು.

ಆದ್ರೆ "ದೆವ್ವ" ಅನ್ನೋದು ಅವನು ಹುಟ್ಟಿಸಿದ ಮಾತಲ್ಲ. ಕ್ವಾರ್ಟರ್‌ಬ್ಯಾಕ್‌ಗಳ ನಡುವೆ ಮೊದಲಿಂದ ಇರೋ ಮಾತೇ. ಇಲ್ಲದ ಒತ್ತಡ ಇದೆ ಅನ್ನಿಸೋದು. ಕ್ರಿಕೆಟ್‌ನಲ್ಲಿ ಒಂದು ಬೌನ್ಸರ್ ಹೆಲ್ಮೆಟ್‌ಗೆ ತಿಂದ ಬ್ಯಾಟ್ಸ್‌ಮನ್ ನೋಡಿ. ಮುಂದಿನ ಬಾಲು ಯಾರ್ಕರ್ ಆದ್ರೂ ಕಾಲು ಲೆಗ್ ಕಡೆಗೇ ಹೋಗುತ್ತೆ. ಕಣ್ಣು ನೋಡಿರುತ್ತೆ, ಬುದ್ಧಿಗೂ ಗೊತ್ತಿರುತ್ತೆ. ಕಾಲು ಕೇಳಲ್ಲ.

ಸನ್ನಿವೇಲ್ ಸೀನ:
ಗೌಡ್ರೇ, ಒಂದು ಸಂದೇಹ. ಎಲ್ಲರೂ ಮುಂದೆ ಬಂದು ಹಿಂದೆ ಯಾರೂ ಇಲ್ಲ ಅಂದ್ರೆ, ತಲೆ ಮೇಲಿಂದ ಉದ್ದಕ್ಕೆ ಎಸೆದರೆ ಟಚ್‌ಡೌನ್ ಅಲ್ವಾ? ಇಷ್ಟು ಸುಲಭ ಇದ್ದರೆ ಯಾಕೆ ಯಾರೂ ಮಾಡಲ್ಲ?

ಜರ್ಸಿ ಗೌಡ್ರು:
ಉದ್ದಕ್ಕೆ ಓಡೋಕೆ ರಿಸೀವರ್‌ಗೆ ನಾಲ್ಕು ಸೆಕೆಂಡ್ ಬೇಕು. ನಿಮಗೆ ಸಿಗೋದು ಎರಡು.

ಮೈಸೂರು ಮಲ್ಲಿಗೆ 75:
ನಾನು ಡಲ್ಲಾಸ್. ನಮ್ಮವರು ಮೂವತ್ತು ವರ್ಷದಿಂದ ಸೂಪರ್ ಬೌಲ್‌ಗೆ ಹೋಗಿಲ್ಲ, ಆದ್ರೂ ಬುದ್ಧಿ ಹೇಳೋಕೆ ನಾವೇ ಮುಂದೆ 😅

ಅಂಟಿಕೊಂಡು ಕಾಯೋದಕ್ಕೆ ಮದ್ದು ಇದೆ ಸೀನ. ಚೆಂಡು ಬರೋ ಮೊದಲೇ ಒಬ್ಬ ರಿಸೀವರ್‌ನ ಆ ತುದಿಯಿಂದ ಈ ತುದಿಗೆ ನಡೆಸ್ತಾರೆ, ಗಮನಿಸಿದ್ದೀಯಾ? ಸುಮ್ನೆ ಅಲ್ಲ ಅದು. ಅವನ ಹಿಂದೆ ಎದುರಾಳಿ ಒಬ್ಬ ಓಡಿ ಬಂದ್ರೆ ಮ್ಯಾನ್. ಯಾರೂ ಬರದೆ ಜಾಗ ಮಾತ್ರ ಸ್ವಲ್ಪ ಸರಿಸಿಕೊಂಡ್ರೆ ಝೋನ್. ಇನ್ನೊಂದು, ಮೂವರು ರಿಸೀವರ್‌ಗಳನ್ನ ಗುಂಪಾಗಿ ನಿಲ್ಲಿಸಿ ಕತ್ತರಿ ಥರ ಅಡ್ಡಡ್ಡ ಓಡಿಸೋದು. ಕಾಯೋರು ಒಬ್ಬರಿಗೊಬ್ಬರು ಡಿಕ್ಕಿ. ಸಂತೆಯಲ್ಲಿ ಸಾಲ ಕೊಟ್ಟವನಿಂದ ತಪ್ಪಿಸ್ಕೊಳ್ಳೋದು ಹೀಗೇ.

ಮತ್ತೆ ಮ್ಯಾನ್ ಇದ್ದಾಗ ಕಾಯೋರ ಬೆನ್ನು ಕ್ವಾರ್ಟರ್‌ಬ್ಯಾಕ್ ಕಡೆ ಇರುತ್ತೆ. ಅವನು ಚೆಂಡು ಹಿಡ್ಕೊಂಡು ಓಡಿದ್ರೆ ಯಾರಿಗೂ ಗೊತ್ತೇ ಆಗಲ್ಲ. ಮೇ ವರ್ಷ ಪೂರ್ತಿ ಹೀಗೆ ಓಡೇ ಪ್ರಾಣ ತಿಂದಿದ್ದು. ಸೀಹಾಕ್ಸ್ ಝೋನ್ ಆಡಿದ್ದರಿಂದ ಎಲ್ಲರ ಮುಖ ಅವನ ಕಡೆಗೇ ಇತ್ತು.

ತೀರ್ಥಹಳ್ಳಿ ಭಟ್ಟ:
ಮಲ್ಲಿಗೆ ಅವರು ಹೇಳಿದ್ದು ನೂರಕ್ಕೆ ನೂರು. ಅದಕ್ಕೆ ಒಂದು ಸೇರಿಸ್ತೀನಿ, ಯಾಕಂದ್ರೆ ಸೀನ ಅವರ ಮೂಲ ಪ್ರಶ್ನೆಗೆ ಇದೇ ಬೀಗದ ಕೈ.

ಮೆಜೆಸ್ಟಿಕ್‌ನಲ್ಲಿ ಬಸ್ ಬಂದು ನಿಲ್ಲೋ ಮೊದಲೇ ಕಿಟಕಿಯಿಂದ ಕರ್ಚೀಫ್ ಹಾಕ್ತಿದ್ವಲ್ಲ? ಸೀಟು ಖಾಲಿ ಆದ ಮೇಲೆ ಹಾಕಿದ್ರೆ ಸಿಗ್ತಿತ್ತಾ? ಅಲ್ಲಿ ಕೂತವನು ಚೀಲ ಎತ್ಕೊಳ್ಳೋದು ನೋಡಿದ ಕೂಡಲೇ ಕರ್ಚೀಫ್ ಒಳಗೆ ಹೋಗಿರಬೇಕು. ಕಾಲೇಜು ಆಟದಲ್ಲಿ ರಿಸೀವರ್‌ಗಳು ಮೂರು ನಾಲ್ಕು ಗಜ ಖಾಲಿ ಇರ್ತಾರೆ. ಹುಡುಗ ನೋಡ್ತಾನೆ, ಎಸೀತಾನೆ. ಇಲ್ಲಿ ನೋಡಿ ಎಸೆಯೋ ಹೊತ್ತಿಗೆ ಸೀಟಲ್ಲಿ ಇನ್ನೊಬ್ಬ ಕೂತಾಗಿದೆ. ರಿಸೀವರ್ ತಿರುಗೋ ಮೊದಲೇ, ಅವನು ಇನ್ನೂ ನಿಮಗೆ ಬೆನ್ನು ತೋರಿಸಿ ಓಡ್ತಾ ಇರೋವಾಗಲೇ, ಆ ಜಾಗಕ್ಕೆ ಚೆಂಡು ಬಿಡಬೇಕು. ಅದು ನಂಬಿಕೆಯ ಮೇಲೆ ನಡೆಯೋ ಕೆಲಸ. ಬೆನ್ನ ಹಿಂದೆ ಯಾರೋ ಬರ್ತಾ ಇದ್ದಾರೆ ಅನ್ನೋ ಭಯ ಒಂದು ಸಲ ಹೊಕ್ಕರೆ ಮೊದಲು ಹೋಗೋದು ಆ ನಂಬಿಕೆ.

ಹುಬ್ಬಳ್ಳಿ ಹುಡುಗ:
ಮತ್ತ ಕರ್ಚೀಫ್ ಹಾಕಿದ ಮ್ಯಾಲೂ ಯಾರೋ ತೆಗೆದು ಕೂತಿರ್ತಾರಲ್ರೀ, ಅದು ಇಂಟರ್‌ಸೆಪ್ಷನ್ ಏನು?

ತೀರ್ಥಹಳ್ಳಿ ಭಟ್ಟ:
ಅದು ಪಾಸ್ ಇಂಟರ್‌ಫಿಯರೆನ್ಸ್, ಹಿಡಿಯೋಕೆ ಬಿಡದೆ ಅಡ್ಡ ಬರೋ ಫೌಲ್. ರೆಫರಿ ಥರ ಕಂಡಕ್ಟರ್ ಬಾವುಟ ಎಸೀಬೇಕು.

ಮೈಸೂರು ಮಲ್ಲಿಗೆ 75:
ಬಾವುಟ ಅಂದಾಗ ನೆನಪಾಯ್ತು. ಮೊದಲು ಈ ಕಾಯೋರು ರಿಸೀವರ್‌ನ ಹಿಡಿದು ಎಳೆದು ಏನು ಬೇಕಾದ್ರೂ ಮಾಡ್ತಿದ್ದರು. 1978ರಲ್ಲಿ ನಿಯಮ ಬಂತು, ಐದು ಗಜ ದಾಟಿದ ಮೇಲೆ ಮುಟ್ಟೋ ಹಾಗಿಲ್ಲ ಅಂತ. ನಿಯಮ ಇದ್ದರೂ ರೆಫರಿಗಳು ಕಣ್ಣು ಮುಚ್ಚಿಕೊಳ್ತಿದ್ದರು. 2004ರ ಜನವರಿಯಲ್ಲಿ ಪೇಟ್ರಿಯಟ್ಸ್‌ನವರು ಕೋಲ್ಟ್ಸ್‌ನ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ನ ರಿಸೀವರ್‌ಗಳನ್ನ ಅಂಟಿಕೊಂಡು ಜಜ್ಜಿ ಹಾಕಿದರು. ನಾಲ್ಕು ಇಂಟರ್‌ಸೆಪ್ಷನ್, ಅದರಲ್ಲಿ ಮೂರು ಟೈ ಲಾ ಒಬ್ಬನೇ ಹಿಡಿದ. ಆ ಬೇಸಿಗೆಯಲ್ಲಿ ಲೀಗ್ ರೆಫರಿಗಳಿಗೆ ಕಟ್ಟುನಿಟ್ಟಾಗಿ ಹೇಳಿತು, ಐದು ಗಜದ ನಿಯಮ ಜಾರಿ ಮಾಡಿ ಅಂತ.

ಮ್ಯಾನಿಂಗ್ ಆಗ ಎಳೆಯನೇನೂ ಅಲ್ಲ. ಅಂಥವನಿಗೇ ಆ ಗತಿ. ಅವನು ಮೊದಲ ವರ್ಷ, 1998ರಲ್ಲಿ, 28 ಇಂಟರ್‌ಸೆಪ್ಷನ್ ಕೊಟ್ಟಿದ್ದ. ಹೊಸಬರಲ್ಲಿ ಇವತ್ತಿಗೂ ಅದೇ ದಾಖಲೆ. ಆದ್ರೂ ಅವನನ್ನ ಕೂರಿಸಲಿಲ್ಲ, ಆಡಿಸಿದರು.

ಅಂಕಿಅಂಶ ಆಚಾರ್:
ಹಾಗಾದ್ರೆ ಎಲ್ಲರನ್ನೂ ಹೊಡೆಸ್ಕೊಳ್ಳೋಕೆ ಬಿಟ್ಟರೆ ಎಲ್ಲರೂ ಮ್ಯಾನಿಂಗ್ ಆಗ್ತಾರಾ? ಜೆಟ್ಸ್‌ನವರು ಡಾರ್ನಲ್ಡ್‌ನ ಕಳಿಸಿ 2021ರಲ್ಲಿ ಝ್ಯಾಕ್ ವಿಲ್ಸನ್‌ನ ತಂದರು. ಪೇಟ್ರಿಯಟ್ಸ್ ವಿರುದ್ಧ ಅವನ ಮೊದಲ ಆಟ: ಮೊದಲ ಎರಡು ಎಸೆತವೂ ಇಂಟರ್‌ಸೆಪ್ಷನ್. ಒಟ್ಟು ನಾಲ್ಕು. ಅವನನ್ನೂ ಆಡಿಸಿದರು. ಏನಾಯ್ತು? ಮ್ಯಾನಿಂಗ್ ಕಥೆ ಎಲ್ಲರೂ ಹೇಳ್ತಾರೆ. ಹೊಡೆತ ತಿಂದು ಅಲ್ಲೇ ಮುಗಿದುಹೋದವರ ಪಟ್ಟಿ ಯಾರೂ ಹೇಳಲ್ಲ.

ಜರ್ಸಿ ಗೌಡ್ರು:
ಇದು ಮಾತ್ರ ಒಳ್ಳೆ ಪಾಯಿಂಟ್ ಆಚಾರ್ರೇ. ನನ್ನ ವಾದವೂ ಅದೇ, ಹುಡುಗನ ಸುತ್ತ ಏನಿದೆ ಅನ್ನೋದು ಮುಖ್ಯ. ಡಾರ್ನಲ್ಡ್ ದಾರಿ ನೋಡಿ. ಜೆಟ್ಸ್‌ನಲ್ಲಿ ಕೊನೆಯ ವರ್ಷ ತಂಡ 2-14. ಅಲ್ಲಿಂದ ಕ್ಯಾರೊಲಿನಾ, ಅಲ್ಲೂ ನೆಲೆ ಸಿಗಲಿಲ್ಲ. 2023ರಲ್ಲಿ ನಿಮ್ಮ ಸಾಂಟಾ ಕ್ಲಾರಾದ 49ers ತಂಡಕ್ಕೇ ಬಂದು ಅಲ್ಲಿನ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಹಿಂದೆ ಬೆಂಚ್ ಮೇಲೆ ಕೂತ. ಒಂದು ವರ್ಷ ಸುಮ್ನೆ ಕೂತು ನೋಡಿದ. ಆಮೇಲೆ ಮಿನೆಸೋಟ. ಅಲ್ಲಿನ ಹೊಸ ಹುಡುಗನಿಗೆ ಮಂಡಿ ಪೆಟ್ಟಾಗಿ ಇವನಿಗೆ ಜಾಗ ಸಿಕ್ತು. 4,319 ಗಜ, 35 ಟಚ್‌ಡೌನ್, ತಂಡ 14-3. ಅದೇ ಕೈ, ಅದೇ ಮನುಷ್ಯ! ಬದಲಾಗಿದ್ದು ಮುಂದೆ ನಿಂತವರು, ಜಸ್ಟಿನ್ ಜೆಫರ್ಸನ್ ಥರ ಓಡೋರು, ಕಿವಿಯಲ್ಲಿ ಹೇಳೋ ಕೋಚ್.

ಅಂಕಿಅಂಶ ಆಚಾರ್:
ಅದೇ ವರ್ಷದ ಕೊನೆಯ ಎರಡು ಆಟ ಬಿಟ್ರಲ್ಲ? ಲಯನ್ಸ್ ವಿರುದ್ಧ 31-9 ಸೋಲು. ಪ್ಲೇಆಫ್‌ನಲ್ಲಿ (ನಾಕೌಟ್ ಸುತ್ತು) ರ್‍ಯಾಮ್ಸ್ ವಿರುದ್ಧ 27-9, ಒಂಬತ್ತು ಸ್ಯಾಕ್. ಕಳೆದ ನವೆಂಬರ್‌ನಲ್ಲಿ ಸೀಹಾಕ್ಸ್‌ಗೆ ಆಡ್ತಾ ಅದೇ ರ್‍ಯಾಮ್ಸ್‌ಗೆ ನಾಲ್ಕು ಇಂಟರ್‌ಸೆಪ್ಷನ್ ಕೊಟ್ಟ. ದೆವ್ವ ಬಿಟ್ಟು ಹೋಗಿರಲಿಲ್ಲ ಸ್ವಾಮಿ, ವಿಳಾಸ ಬದಲಾಯಿಸಿತ್ತು ಅಷ್ಟೇ.

ಬೆಲ್ವ್ಯೂ ವನಜ:
ಅದಕ್ಕೇ ಈ ಗೆಲುವು ಸಿಹಿ. ನವೆಂಬರ್‌ನಲ್ಲಿ ನಮ್ಮ ಮನೇಲೇ "ಇವನಿಗೆ 100 ಮಿಲಿಯನ್ ಕೊಟ್ಟು ಯಾಕೆ ತಂದರು" ಅಂತ ಬೈದಿದ್ವಿ. ಜನವರಿಯಲ್ಲಿ ಅದೇ ರ್‍ಯಾಮ್ಸ್‌ನ 31-27ಕ್ಕೆ ಸೋಲಿಸಿದ. ಭಾನುವಾರ ಅದೇ ಪೇಟ್ರಿಯಟ್ಸ್‌ನ. ಪ್ಲೇಆಫ್ ಪೂರ್ತಿ ಒಂದೂ ಚೆಂಡು ಎದುರಾಳಿಗೆ ಕೊಡಲಿಲ್ಲ.

ಆಚಾರ್ರು 38ರಲ್ಲಿ 19 ಅಂತ ಹೀಗಳೆದರಲ್ಲ, ಉಳಿದ 19 ಎಲ್ಲಿ ಹೋದವು ನೋಡಿ. ಪೇಟ್ರಿಯಟ್ಸ್‌ನ ಕ್ರಿಶ್ಚಿಯನ್ ಗೊನ್ಸಾಲೆಸ್ ನಮ್ಮವರಿಗೆ ಗೋಂದಿನ ಹಾಗೆ ಅಂಟಿಕೊಂಡಿದ್ದ. ಕಿಟಕಿ ಇಲ್ಲ ಅಂದಾಗ ಡಾರ್ನಲ್ಡ್ ಚೆಂಡನ್ನ ಮೈದಾನದ ಪಕ್ಕದ ಗೆರೆಯ ಆಚೆ ಎಸೆದ. ಕೋಪ ಇಲ್ಲ, ಹಟ ಇಲ್ಲ. ನಮ್ಮ ಕಿಕ್ಕರ್ ಮೈಯರ್ಸ್ ಬಂದು ಕಂಬಗಳ ಮಧ್ಯೆ ಫೀಲ್ಡ್ ಗೋಲ್ ಒದ್ದ, ಮೂರು ಪಾಯಿಂಟ್. ಐದು ಸಲ! 22 ವರ್ಷದ ಡಾರ್ನಲ್ಡ್ ಅದೇ ಚೆಂಡನ್ನ ಇಬ್ಬರ ಮಧ್ಯೆ ತೂರಿಸೋಕೆ ಹೋಗ್ತಿದ್ದ.

ಜರ್ಸಿ ಗೌಡ್ರು:
ಇದನ್ನ ನಾನು ಬರೀಬೇಕಿತ್ತು. ವನಜ ಅವರೇ ಶಹಬ್ಬಾಸ್.

ಕಾಫಿಪುಡಿ:
ನಾನು ಬೆಂಗಳೂರಲ್ಲಿ ಸೋಮವಾರ ಬೆಳಗ್ಗೆ 5ಕ್ಕೆ ಎದ್ದು ನೋಡಿದ್ದು ಹಾಫ್‌ಟೈಮ್ ಹಾಡು ಮಾತ್ರ. ಬ್ಯಾಡ್ ಬನ್ನಿ ಅನ್ನೋ ಗಾಯಕ ಹಾಡಿದ್ದು ಒಂದು ಪದ ಅರ್ಥ ಆಗಲಿಲ್ಲ, ಆದ್ರೂ ಚಪಾತಿ ಲಟ್ಟಿಸ್ತಾ ಕುಣಿದೆ.

ಹುಬ್ಬಳ್ಳಿ ಹುಡುಗ:
ನಾನೂ ಹಂಗೇರಿ. ನಮ್ಮ ಮನಿಯೊಳಗ ಎಲ್ಲಾರೂ ಅವಾಗಷ್ಟೇ ಟಿವಿ ನೋಡಿದ್ದು.

ಸನ್ನಿವೇಲ್ ಸೀನ:
ದಯವಿಟ್ಟು ಹಾಡಿನ ಚರ್ಚೆಗೆ ಬೇರೆ ಥ್ರೆಡ್ ಶುರು ಮಾಡಿ 🙏 ಈಗ ನನಗೆ ಸ್ವಲ್ಪ ತಿಳೀತಾ ಇದೆ. ಹಾಗಾದ್ರೆ ಮೇ ಹೆದರಿದನಾ, ಇಲ್ವಾ? ಅವನಿಗೂ ದೆವ್ವ ಕಂಡಿತಾ?

ಮೈಸೂರು ಮಲ್ಲಿಗೆ 75:
ದೆವ್ವ ಅಲ್ಲಪ್ಪ, ಅವನಿಗೆ ಕಂಡಿದ್ದು ನಿಜವಾದ ಮನುಷ್ಯರೇ. ಪ್ಲೇಆಫ್‌ನ ನಾಲ್ಕು ಆಟದಲ್ಲಿ 21 ಸ್ಯಾಕ್. ಒಂದು ಪ್ಲೇಆಫ್‌ನಲ್ಲಿ ಇಷ್ಟು ಯಾರೂ ತಿಂದಿಲ್ಲ. ಅದರ ಮೇಲೆ ಬಲ ಭುಜ ನೋವು ಬೇರೆ. 21 ಸಲ ಬಿದ್ದವನು 22ನೇ ಸಲ ನೆಲ ನೋಡ್ಕೊಂಡೇ ನಿಲ್ತಾನೆ, ಅದು ಹೆದರಿಕೆ ಅಲ್ಲ.

ತೀರ್ಥಹಳ್ಳಿ ಭಟ್ಟ:
ನಾನು ಅರ್ಧ ಮಾತ್ರ ಒಪ್ತೀನಿ. ಮೇ ಚೆಂಡನ್ನ ಜಾಸ್ತಿ ಹೊತ್ತು ಹಿಡೀತಾನೆ, ಅದು ಅವನ ಗುಣ. ವರ್ಷ ಪೂರ್ತಿ ಅದರಿಂದಲೇ ದೊಡ್ಡ ದೊಡ್ಡ ಪಾಸ್ ಸಿಕ್ಕಿದ್ದು, ಅದರಿಂದಲೇ ಸ್ಯಾಕ್ ಕೂಡ. ಪಕ್ಕದಲ್ಲೇ ನಾಲ್ಕು ಗಜಕ್ಕೆ ಒಬ್ಬ ಖಾಲಿ ನಿಂತಿದ್ದ, ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಅವನು 20 ಗಜದ ಕಿಟಕಿ ತೆರೆಯುತ್ತೆ ಅಂತ ಕಾದ. ತೆರೆಯಲಿಲ್ಲ.

ಜರ್ಸಿ ಗೌಡ್ರು:
ಆ ನಾಲ್ಕು ಗಜಕ್ಕೆ ಕೊಡಿ ಅಂತ ಸೋಫಾದಲ್ಲಿ ಕೂತು ಹೇಳೋದು ಸುಲಭ ಭಟ್ರೇ. ಮೂರನೇ ಡೌನ್ (ನಾಲ್ಕು ಯತ್ನದಲ್ಲಿ ಮೂರನೆಯದು), 11 ಗಜ ಬೇಕು, ಆಗ ನಾಲ್ಕು ಗಜ ತಗೊಂಡು ಏನು ಮಾಡೋದು? ಪಂಟ್ ಮಾಡಬೇಕು, ಅಂದ್ರೆ ಚೆಂಡು ಒದ್ದು ಎದುರಾಳಿಗೆ ಕೊಡಬೇಕು. ಕೋಚ್ ಕೆಂಡ ಆಗ್ತಾನೆ.

ತೀರ್ಥಹಳ್ಳಿ ಭಟ್ಟ:
ಆಗ್ಲಿ. ಹೇಗಿದ್ರೂ ಪಂಟ್ ಮಾಡಿದ್ರಲ್ಲ, ಸಾಲು ಸಾಲಾಗಿ.

ಜರ್ಸಿ ಗೌಡ್ರು:
😶

ರೆಡ್ಮಂಡ್ ರೇಖಾ:
ಇಲ್ಲಿ ತನಕ ಸುಮ್ನೆ ಓದ್ತಾ ಇದ್ದೆ. ಭಟ್ಟರ ಕರ್ಚೀಫ್ ಓದಿದ ಮೇಲೆ ಬರೆಯೋಣ ಅನ್ನಿಸ್ತು.

ನನ್ನ ಮಗನಿಗೆ 15. ಹೈಸ್ಕೂಲ್ ತಂಡದಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್. (ಅವರಜ್ಜಿಗೆ ಇನ್ನೂ "ಬಾಲ್ ಆಡ್ತಾನೆ" ಅಂತಷ್ಟೇ ಹೇಳಿದ್ದೀವಿ. ಹೆಲ್ಮೆಟ್ ಫೋಟೊ ಕಳಿಸಿದ್ರೆ ಬಿಪಿ ಏರುತ್ತೆ.) ಬೇಸಿಗೆಯಲ್ಲಿ 7 ಆನ್ 7 ಆಡೋವಾಗ ಹುಲಿ. ಅಲ್ಲಿ ಯಾರೂ ನುಗ್ಗಿ ಬರಲ್ಲ, ನಾಲ್ಕು ಸೆಕೆಂಡ್ ಗಡಿಯಾರ ಅಷ್ಟೇ. ಸೆಪ್ಟೆಂಬರ್‌ನಲ್ಲಿ ನಿಜವಾದ ಆಟಕ್ಕೆ ಇಳಿಸಿದರು. ಎದುರಿನ ಶಾಲೆಯವರು ಪ್ರತಿ ರಿಸೀವರ್‌ನ ಮೂಗಿಗೆ ಮೂಗು ಕೊಟ್ಟು ನಿಂತರು. ಇವನು ಎರಡು ಕೊಟ್ಟ, ಅಂದ್ರೆ ಅವರ ಕೈಗೆ. ಕೋಚ್ ಎಲ್ಲರ ಮುಂದೆ "ಕಣ್ಣು ಮನೇಲಿ ಬಿಟ್ಟು ಬಂದ್ಯಾ" ಅಂತ ಕೂಗಿದರು. ಕಾರಲ್ಲಿ ಮನೆವರೆಗೂ ಒಂದು ಮಾತಿಲ್ಲ. ಪಕ್ಕದ ಸೀಟಲ್ಲಿ ಹೆಲ್ಮೆಟ್ ಮಡಿಲಲ್ಲಿ ಇಟ್ಕೊಂಡು ಅದರ ಪಟ್ಟಿ ಬಿಚ್ಚೋದು, ಹಾಕೋದು, ಬಿಚ್ಚೋದು.

ಮರುದಿನ ಅವನೇ ಒಂದು ಉಪಾಯ ಮಾಡಿದ. ಗರಾಜ್ ಮುಂದೆ ಬಟ್ಟೆ ಹಾಕೋ ಬುಟ್ಟಿ ಇಟ್ಟ, ಹದಿನೈದು ಹೆಜ್ಜೆ ದೂರ. ನಾನು ಬುಟ್ಟಿ ಪಕ್ಕದಲ್ಲಿ ಪೊರಕೆ ಎತ್ತಿ ಹಿಡಿದು ನಿಲ್ಲಬೇಕು, ಕಾಯೋನ ಕೈ ಅದು. ತಂಗಿ ಹಿಂದಿನಿಂದ ದಿಂಬು ಹಿಡ್ಕೊಂಡು ಬಂದು ಹೊಡೀಬೇಕು. ಯಾವಾಗ ಅಂತ ಹೇಳಬಾರದು. ಒಂದೊಂದು ಸಲ ಓಡಿ ಬಂದು ಹೊಡೆಯದೇ ನಿಲ್ಲಬೇಕು. ಅವಳಿಗೆ ಇದಕ್ಕಿಂತ ಒಳ್ಳೆ ಕೆಲಸ ಜನ್ಮದಲ್ಲಿ ಸಿಕ್ಕಿಲ್ಲ. ಮೊದಲ ವಾರ ಚೆಂಡು ಬುಟ್ಟಿಗಿಂತ ಜಾಸ್ತಿ ನನ್ನ ಮೊಣಕೈಗೆ ಬಿದ್ದಿದೆ.

ಈಗ ಗೌಡ್ರ ಕಥೆ ಓದಿ ಗೊತ್ತಾಯ್ತು. ನಾವು ಮನೇಲಿ ದೆವ್ವ ಸಾಕ್ತಾ ಇದ್ವಿ!

ಸನ್ನಿವೇಲ್ ಸೀನ:
ರೇಖಾ ಅವರೇ, ಇದು ಈ ಥ್ರೆಡ್‌ನ ಎಂವಿಪಿ. ಈಗ ಹೇಗೆ ಆಡ್ತಾನೆ?

ರೆಡ್ಮಂಡ್ ರೇಖಾ:
ಅಕ್ಟೋಬರ್ ಕೊನೆಗೆ ಇನ್ನೊಂದು ಅವಕಾಶ ಸಿಕ್ತು, ಒಂದು ಕ್ವಾರ್ಟರ್. ದೊಡ್ಡದೇನೂ ಮಾಡಲಿಲ್ಲ. ಕಿಟಕಿ ಇಲ್ಲದಾಗ ಎರಡು ಸಲ ಚೆಂಡು ಗೆರೆಯಾಚೆ ಎಸೆದ. ನಮ್ಮೆಜಮಾನ್ರು "ಅಯ್ಯೋ, ಹಾಳು ಮಾಡಿದ" ಅಂತ ತಲೆ ಚಚ್ಕೊಂಡ್ರು. ನಾನು ಮಾತ್ರ ಚಪ್ಪಾಳೆ ತಟ್ಟಿದೆ. ಸುತ್ತ ಕೂತವರೆಲ್ಲ ತಿರುಗಿ ನೋಡಿದರು, ಈ ಹೆಂಗಸಿಗೆ ಆಟ ಗೊತ್ತಿಲ್ಲ ಅಂತ.

ಅಂಕಿಅಂಶ ಆಚಾರ್:
ಗೆರೆಯಾಚೆ ಎಸೆದದ್ದು ಅಂಕಿಅಂಶದಲ್ಲಿ "ತಪ್ಪಿದ ಪಾಸ್" ಅಂತ ಹೋಗುತ್ತೆ. ಸರಿ, ಸರಿ. ಇವತ್ತಿಗೆ ನಾನು ಸೋತೆ.

ಹುಬ್ಬಳ್ಳಿ ಹುಡುಗ:
ಆಚಾರ್ರು ಸೋತೆ ಅಂದ್ರು, ಯಾರಾದ್ರೂ ಸ್ಕ್ರೀನ್‌ಶಾಟ್ ತಗೊಳ್ರಿ.

ಬೆಲ್ವ್ಯೂ ವನಜ:
ರೇಖಾ, ನಾವು ಹತ್ತು ನಿಮಿಷದ ದೂರದಲ್ಲಿದ್ದೀವಿ. ನಮ್ಮನೇಲಿ ಆರು ವರ್ಷದವನು ಒಬ್ಬ ಇದ್ದಾನೆ, ದಿಂಬಿನಲ್ಲಿ ಹೊಡೆಯೋಕೆ ಕಳಿಸ್ತೀನಿ. ಸಂಬಳ ಬೇಡ.

ರೆಡ್ಮಂಡ್ ರೇಖಾ:
ಖಂಡಿತ ಕಳಿಸಿ. ಶನಿವಾರ ಮಳೆ ಇಲ್ಲದಿದ್ದರೆ ಬೆಳಗ್ಗೆ ಹತ್ತಕ್ಕೆ. ಬರ್ತಾ ಒಂದು ಪೊರಕೆ ತನ್ನಿ, ನಮ್ಮದು ನಿನ್ನೆ ಮುರೀತು.